ಸ್ಕಾಲರ್‌ನಲ್ಲಿ ಎಚ್-ಇಂಡೆಕ್ಸ್ 19, ಸ್ಕೋಪಸ್‌ನಲ್ಲಿ 13: ಬಡ್ತಿ ಅರ್ಜಿಗೆ ಯಾವುದು?

ಉಣ್ಣೆಹುಳ:
ಮಂಗನ ಕಾಯಿಲೆ (ಕೆಎಫ್‌ಡಿ) ವೈರಸ್ ಮೇಲೆ ಕೆಲಸ ಮಾಡುವವರೊಬ್ಬರ ಬಡ್ತಿ ಅರ್ಜಿಗೆ ಪ್ರಕಟಣೆಗಳ ವಿವರ ಸಿದ್ಧ ಮಾಡಬೇಕು. ಪೇಪರ್‌ಗಳ ಸೈಟೇಶನ್ (ಬೇರೆ ಪೇಪರ್‌ಗಳಲ್ಲಿ ಆದ ಉಲ್ಲೇಖ) ಎಣಿಸುವ ಗೂಗಲ್ ಸ್ಕಾಲರ್‌ಗೂ ಸ್ಕೋಪಸ್‌ಗೂ ಎಚ್-ಇಂಡೆಕ್ಸ್ (ಕನಿಷ್ಠ ಎಚ್ ಸಲ ಉಲ್ಲೇಖವಾದ ಪೇಪರ್ ಎಚ್ ಇವೆ ಅನ್ನೋ ಅಂಕಿ) ತಾಳೆಯೇ ಆಗ್ತಿಲ್ಲ. ಸ್ಕೋಪಸ್‌ನಲ್ಲಿ ಕೆಲವು ಪೇಪರ್ ಕಾಣಲ್ಲ, ಸ್ಕಾಲರ್‌ನಲ್ಲಿ ಇನ್ಯಾರದೋ ಭತ್ತದ ತಳಿಯ ಪೇಪರ್ ಬಂದು ಕೂತಿದೆ. ಯಾವ ಅಂಕಿ ಕೊಡೋದು? ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್ ಕೂಡಿಸಿ ಒಟ್ಟು ಬರೆಯಬೇಕಾ?

ಪಿಪೆಟ್:
ಎರಡೂ ಸುಳ್ಳಲ್ಲ, ಎಣಿಕೆಯ ವ್ಯಾಪ್ತಿ ಬೇರೆ. ಸ್ಕಾಲರ್ ಪ್ರಬಂಧ, ಪ್ರಿಪ್ರಿಂಟ್ (ಜರ್ನಲ್‌ನಲ್ಲಿ ಅಚ್ಚಾಗೋ ಮುಂಚೆ ಹಾಕಿದ ಕರಡು), ಸಮ್ಮೇಳನದ ಸಾರಾಂಶ ಎಲ್ಲದರಿಂದಲೂ ಸೈಟೇಶನ್ ಎತ್ತಿಕೊಳ್ಳುತ್ತೆ. ಸ್ಕೋಪಸ್ ತಾನು ಆರಿಸಿದ ಜರ್ನಲ್, ಪುಸ್ತಕ, ಸಮ್ಮೇಳನಗಳನ್ನಷ್ಟೇ ನೋಡುತ್ತೆ.

ಅಂಕಿ ಬರೆಯೋಕೆ ಮೊದಲು ಪ್ರೊಫೈಲ್ ಸರಿ ಮಾಡಿಸಿ. ನಮ್ಮ ಕಡೆ ಇನಿಶಿಯಲ್‌ಗಳದ್ದೇ ದೊಡ್ಡ ರಗಳೆ. ಒಂದು ಪೇಪರ್‌ನಲ್ಲಿ ‘ರಾವ್ ಎಂ ಎಸ್’, ಇನ್ನೊಂದರಲ್ಲಿ ‘ಎಂ ಎಸ್ ಆರ್’, ಪಾಸ್‌ಪೋರ್ಟ್ ಆದಮೇಲೆ ಊರಿನ ಹೆಸರೇ ಸರ್‌ನೇಮ್. ಸ್ಕೋಪಸ್ ಇವರನ್ನು ಎರಡು ಮೂರು ಜನ ಅಂತ ಮಾಡಿ ಬೇರೆ ಬೇರೆ ಆಥರ್ ಐಡಿ ಕೊಟ್ಟಿರುತ್ತೆ. ಆಥರ್ ಸರ್ಚ್‌ನಲ್ಲಿ ಹೆಸರಿನ ಎಲ್ಲ ರೂಪಗಳನ್ನೂ ಹಾಕಿ, ಹಳೇ ಸಂಸ್ಥೆಯ ಹೆಸರಿನಿಂದಲೂ ಹುಡುಕಿ, ತಮ್ಮವೇ ಆದ ಐಡಿಗಳನ್ನು ಟಿಕ್ ಮಾಡಿ ಮರ್ಜ್ ಮನವಿ ಕಳಿಸಬೇಕು. ತಕ್ಷಣ ಆಗಲ್ಲ, ಅರ್ಜಿಯ ಕೊನೇ ದಿನದವರೆಗೆ ಕಾಯಬೇಡಿ.

ಸ್ಕಾಲರ್‌ನಲ್ಲಿ ಭತ್ತದ ಪೇಪರ್ ಟಿಕ್ ಮಾಡಿ ಡಿಲೀಟ್ ಕೊಡಿ. ಆಮೇಲೆ ಸೆಟ್ಟಿಂಗ್‌ನಲ್ಲಿ ತಾನಾಗೇ ಅಪ್‌ಡೇಟ್ ಆಗೋದನ್ನು ನಿಲ್ಲಿಸಿ, ಇಮೇಲ್‌ನಲ್ಲಿ ಕೇಳಿ ಸೇರಿಸೋ ಆಯ್ಕೆ ಹಾಕಿ. ಇಲ್ಲದಿದ್ದರೆ ಇನ್ನೊಂದು ಭತ್ತ ಬರುತ್ತೆ. ಪ್ರಿಪ್ರಿಂಟ್ ಮತ್ತು ಅಚ್ಚಾದ ಪೇಪರ್‌ನ ಶೀರ್ಷಿಕೆ ಬೇರೆಯಾಗಿದ್ದರೆ ಎರಡು ಸಾಲಾಗಿ ನಿಂತಿರುತ್ತವೆ, ಎರಡನ್ನೂ ಟಿಕ್ ಮಾಡಿ ಮರ್ಜ್ ಮಾಡಿ. ಇನ್ನು ಮುಂದಕ್ಕೆ ಹೆಸರಿನ ಒಂದೇ ರೂಪ, ಪ್ರತಿ ಸಲ್ಲಿಕೆಯಲ್ಲೂ 16 ಅಂಕಿಯ ಆರ್ಕಿಡ್ ಐಡಿ (ಸಂಶೋಧಕರ ಗುರುತಿನ ಸಂಖ್ಯೆ).

ಅರ್ಜಿ ನಮೂನೆಯಲ್ಲಿ ಡೇಟಾಬೇಸ್ ಇಂಥದ್ದೇ ಅಂತ ಇದ್ದರೆ ಅದೇ. ಇಲ್ಲದಿದ್ದರೆ ಎರಡನ್ನೂ ಬರೆದು, ಪಕ್ಕದಲ್ಲಿ ನೋಡಿದ ದಿನಾಂಕ ಹಾಕಿ.

ಪ್ಲಾಕ್_ಎಣಿಸುವವ:
ಎಚ್-ಇಂಡೆಕ್ಸ್ ಒಂದನ್ನೇ ನೆಚ್ಚಬೇಡಿ. 2005ರಲ್ಲಿ ಅದನ್ನು ತಂದ ಹಿರ್ಷ್ ಭೌತವಿಜ್ಞಾನಿ. ವೈರಾಲಜಿಯಲ್ಲಿ ಅದಕ್ಕೆ ಸಿಗದ ಒಂದು ಸಂಗತಿ ಇದೆ. ವೈರಸ್‌ಗಳಿಗೆ ಹೆಸರು, ವರ್ಗ ಗೊತ್ತುಮಾಡುವ ಅಂತರರಾಷ್ಟ್ರೀಯ ಸಮಿತಿ ಐಸಿಟಿವಿಯ ವರ್ಗೀಕರಣ ವರದಿಗಳಲ್ಲಿ ಹತ್ತಾರು ಲೇಖಕರು, ಕೆಲವದರಲ್ಲಿ ನೂರರ ಹತ್ತಿರ. ವೈರಸ್ ಹೆಸರು ಬಳಸುವವರೆಲ್ಲ ಅದನ್ನು ಉಲ್ಲೇಖಿಸ್ತಾರೆ.

ಲೆಕ್ಕ ನೋಡಿ. ಒಬ್ಬರ ಪೇಪರ್‌ಗಳ ಸೈಟೇಶನ್ 210, 64, 31, 18, 12, 9, 8, 5, 3 ಅಂತಿಟ್ಟುಕೊಳ್ಳಿ. ಏಳನೆಯದಕ್ಕೆ 8 ಇದೆ, ಎಂಟನೆಯದಕ್ಕೆ 5 ಮಾತ್ರ, ಹಾಗಾಗಿ ಎಚ್ 7. ಒಟ್ಟು 360. ಆ 210 ವರ್ಗೀಕರಣ ವರದಿಯದ್ದಾದರೆ ತೆಗೆದು ನೋಡಿ: ಒಟ್ಟು 150ಕ್ಕೆ ಬಿತ್ತು, ಎಚ್ ಮಾತ್ರ 7ರಿಂದ 6ಕ್ಕಷ್ಟೇ ಇಳಿಯಿತು. ಅಂದರೆ ಒಟ್ಟು ಸೈಟೇಶನ್ ಬರೆದವರು ತಾವು ಮೊದಲ ಅಥವಾ ಕರೆಸ್ಪಾಂಡಿಂಗ್ (ಪೇಪರ್‌ನ ಪತ್ರವ್ಯವಹಾರದ ಹೊಣೆ ಹೊತ್ತ) ಲೇಖಕರಾದ ಪೇಪರ್‌ಗಳ ಲೆಕ್ಕವನ್ನು ಬೇರೆ ಕೊಡಲೇಬೇಕು. ಸಮಿತಿಯಲ್ಲಿ ಒಬ್ಬರಾದರೂ ಕೇಳ್ತಾರೆ. ಸೆಲ್ಫ್-ಸೈಟೇಶನ್ (ತಮ್ಮ ಪೇಪರನ್ನು ತಾವೇ ಉಲ್ಲೇಖಿಸಿದ್ದು) ತೆಗೆದ ಅಂಕಿಯೂ ಇರಲಿ. ಸ್ಕೋಪಸ್‌ನ ಸೈಟೇಶನ್ ಓವರ್‌ವ್ಯೂನಲ್ಲಿ ಆ ಆಯ್ಕೆ ಇದೆ, ಸ್ಕಾಲರ್‌ನಲ್ಲಿಲ್ಲ.

ಇಂಪ್ಯಾಕ್ಟ್ ಫ್ಯಾಕ್ಟರ್ ಕೂಡಿಸೋದು ಬೇಡವೇ ಬೇಡ. ಅದು ಹಿಂದಿನ ಎರಡು ವರ್ಷದ ಲೇಖನಗಳ ಮೇಲೆ ಜರ್ನಲ್‌ಗೆ ಸಿಕ್ಕ ಸರಾಸರಿ ಸೈಟೇಶನ್, ಲೇಖಕರದ್ದಲ್ಲ. ಇಂಥ ಬಳಕೆ ಬೇಡ ಅಂತಲೇ 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ‘ಡೋರಾ’ ಘೋಷಣೆ ರೂಪುಗೊಂಡಿದ್ದು. ನಮೂನೆಯಲ್ಲೇ ಕಾಲಂ ಇದ್ದರೆ ಮಾತ್ರ ತುಂಬಿ, ಯಾವ ವರ್ಷದ್ದು ಅಂತ ಹೇಳಿ.

ಉಣ್ಣೆಹುಳ:
ಉಪಯೋಗವಾಯ್ತು. ಆದರೆ ಕೊರೊನಾ ವೈರಸ್‌ನವರ ಪಕ್ಕ ಇಟ್ಟರೆ ಕೆಎಫ್‌ಡಿ ಅಂಕಿ ಬಡವಾಗೇ ಕಾಣುತ್ತಲ್ಲ? ಸ್ಕೋಪಸ್‌ನ ಎಫ್‌ಡಬ್ಲ್ಯೂಸಿಐ (ಕ್ಷೇತ್ರಕ್ಕೆ ತಕ್ಕಂತೆ ತೂಗಿದ ಸೈಟೇಶನ್ ಅಂಕಿ) ಕೊಟ್ಟರೆ ಸರಿಹೋಗುತ್ತಾ?

ಪಿಪೆಟ್:
ಅರ್ಧ ಮಾತ್ರ. ಅದರಲ್ಲಿ 1.0 ಅಂದರೆ ಅದೇ ವಿಷಯ, ವರ್ಷ, ಲೇಖನ ಬಗೆಯ ವಿಶ್ವ ಸರಾಸರಿ. ವಿಷಯ ಅಂದರೆ ಇಡೀ ವೈರಾಲಜಿ, ಹಾಗಾಗಿ 2020ರ ಕೋವಿಡ್ ಪೇಪರ್‌ಗಳ ಜೊತೆಗೇ ತೂಗುತ್ತೆ. ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಐಸೈಟ್ ತಾಣದಲ್ಲಿ ಆರ್‌ಸಿಆರ್ (ಪೇಪರ್‌ನ ಸೈಟೇಶನ್ ಅನ್ನು ಅದರ ಕ್ಷೇತ್ರದ ಜೊತೆ ತೂಗುವ ಅನುಪಾತ) ನೋಡಿ, ಪುಕ್ಕಟೆ. ಪಬ್‌ಮೆಡ್ (ವೈದ್ಯಕೀಯ ಪೇಪರ್‌ಗಳ ಡೇಟಾಬೇಸ್) ಐಡಿಗಳ ಪಟ್ಟಿ ಪೇಸ್ಟ್ ಮಾಡಿದರೆ ಸಾಕು. ಆ ಪೇಪರ್ ಜೊತೆ ಒಟ್ಟಿಗೆ ಉಲ್ಲೇಖವಾಗುವ ಪೇಪರ್‌ಗಳನ್ನೇ ಅದರ ಕ್ಷೇತ್ರ ಅಂತ ಹಿಡಿಯುತ್ತೆ, ಸಣ್ಣ ಕ್ಷೇತ್ರಕ್ಕೆ ನ್ಯಾಯ ಸಿಗುತ್ತೆ. ಪಬ್‌ಮೆಡ್‌ನಲ್ಲಿಲ್ಲದ ಜರ್ನಲ್ ಬಿಟ್ಟುಹೋಗುತ್ತೆ, ತೀರಾ ಹೊಸ ಪೇಪರ್‌ಗೆ ಬರೋ ಅಂಕಿ ತಾತ್ಕಾಲಿಕ. ಜೊತೆಗೆ ಮುಖ್ಯವಾದ ಐದು ಪೇಪರ್‌ಗೆ ಎರಡೆರಡು ಸಾಲು ಬರೆಸಿ: ಇವರು ಮಾಡಿದ್ದೇನು, ಅದನ್ನು ಆಮೇಲೆ ಯಾರು ಬಳಸಿದರು.