ಪಟ್ಟಿ ಮೇಲೆ ಮತ್ತೆ ಅದೇ ಬಿಳಿ ಕಾರು

ಮನೆ 14: ರಾತ್ರಿ ಹನ್ನೊಂದೂವರೆಗೆ ನಮ್ಮ ಗೇಟ್ ಮುಂದೇನೇ ದರ್ಶಿನಿಯ ದೋಸೆ ಅಣ್ಣ ಬಿದ್ರು. ಸೈಕಲ್‌ಗೆ ಅಂತ ಬಣ್ಣ ಬಳಿದ ಪಟ್ಟಿ ಮೇಲೆ ಮತ್ತೆ ಅದೇ ಬಿಳಿ ಕಾರು! ಬಳಸಿ ಹೋಗೋಕೆ ನಡುರಸ್ತೆಗೆ ಇಳಿದಿದ್ದಾರೆ, ಹಿಂದಿನಿಂದ ಬೈಕು ಗುದ್ದಿದೆ. ಮೊಣಕೈ ಮುರಿದಿದೆ. ಆಸ್ಪತ್ರೆಯಿಂದ ನಾನು ಮನೆಗೆ ಬಂದಾಗ ಮೂರು ಗಂಟೆ. ಇವತ್ತು ಇದು ಇತ್ಯರ್ಥ ಆಗಲೇಬೇಕು.

ಮನೆ 3: ಲೈಟಿಲ್ಲದ ಸೈಕಲ್ ಹೊಡೆದಿದ್ದು ಯಾರ ತಪ್ಪು ಸ್ವಾಮಿ? ಆ ಪಟ್ಟಿ ಬಳಿದಾಗಲೇ ನಾನು ಬೇಡ ಅಂದಿದ್ದೆ.

ಮನೆ 27: ಬಿಳಿ ಕಾರು ಅಂದ್ರೆ ನಮ್ಮದೇನಾ? ನೇರವಾಗಿ ಹೇಳಿ. ಮೊನ್ನೆ ಅಲ್ಲೇ ಜಲ್ಲಿ ಸುರಿಸಿದ್ದು ಯಾರು?

ಮನೆ 14: ಜಲ್ಲಿ ಎರಡು ದಿನ ಇತ್ತು ಸಾರ್. ನಿಮ್ಮ ಎರಡನೇ ಕಾರು ಯುಗಾದಿಯಿಂದ ಇದೆ.

ಮನೆ 31: (ಫಾರ್ವರ್ಡ್) ಶುಭೋದಯ 🌹 ಖಾಲಿ ಹೊಟ್ಟೆಗೆ ಬಿಸಿನೀರು, ನಿಂಬೆರಸ...

ಮನೆ 9: ಹಾಗಾದ್ರೆ ಇವತ್ತು ಬರೀ ಇಡ್ಲೀನಾ? 😀 ಪಾಪ, ತಮಾಷೆಗೆ ಅಂದೆ.

ಮನೆ 22: ಬರೀ ಬಣ್ಣ ಬಳಿದ್ರೆ ಹೀಗೇ. 2020ರಲ್ಲಿ ರಿಂಗ್ ರೋಡಲ್ಲಿ ಲೌರಿ ಜಂಕ್ಷನ್‌ನಿಂದ ಸಿಲ್ಕ್ ಬೋರ್ಡ್ ಕಡೆಗೆ ಪ್ಲಾಸ್ಟಿಕ್ ಕಂಬ ನೆಟ್ಟು ಸೈಕಲ್ ದಾರಿ ಮಾಡಿದ್ರಲ್ಲ, ಅದೆಲ್ಲಿ ಹೋಯ್ತು ಈಗ? ನಮಗೆ ಕಾಂಕ್ರೀಟ್ ಕಟ್ಟೆ ಕೇಳೋಣ.

ಮನೆ 3: ಕೋಲ್ಕತ್ತದಲ್ಲಿ 2013ರಲ್ಲಿ 174 ರಸ್ತೆಗಳಲ್ಲಿ ಸೈಕಲ್ಲನ್ನೇ ನಿಷೇಧಿಸಿದ್ರು. ಇಲ್ಲೂ ಅದೇ ಆಗ್ಬೇಕು.

ಮನೆ 22: ಆಗ ಅಲ್ಲಿ ಹೊಟ್ಟೆಗೆ ಏಟು ಬಿದ್ದಿದ್ದು ಹಾಲಿನವರಿಗೆ, ಪೇಪರಿನವರಿಗೆ. ನಿಮ್ಮನೆಗೆ ಪೇಪರ್ ಹಾಕೋ ಹುಡುಗ ಹೆಲಿಕಾಪ್ಟರಲ್ಲಿ ಬರ್ತಾನಾ?

ಮನೆ 18: ನಾನೂ ಒಂದು ಹೇಳ್ಲಾ? ಪಾರ್ಕ್ ಹತ್ರ ಬಾಡಿಗೆ ಸೈಕಲ್ ಬಂದಾಗ ನಮ್ಮ ಕೆಲಸದಾಕೆ ಖುಷಿಯಾಗಿ ಹೋಗಿದ್ಲು. ಸ್ಮಾರ್ಟ್‌ಫೋನ್ ಬೇಕು, ಮೊದಲೇ ದುಡ್ಡು ತುಂಬಬೇಕು ಅಂದ್ರಂತೆ. ಈಗಲೂ ನಡ್ಕೊಂಡೇ ಬರ್ತಾಳೆ. ಅದನ್ನ ಓಡಿಸೋದು ಭಾನುವಾರ ನಮ್ಮ ಮಕ್ಕಳು.

ಮನೆ 3: ವಿಷಯಾಂತರ ಬೇಡ. ಸಂಘದ ಅಧ್ಯಕ್ಷನಾಗಿ ಹೇಳ್ತಿದೀನಿ, ಮೊದಲು ಪಾರ್ಕಿಂಗ್.

ಮನೆ 22: ಅರ್ಜಿ ಬರೆದಿದೀನಿ. ಕಟ್ಟೆ, ಎರಡು ಬೀದಿದೀಪ, ಕಾರು ತೆರವು. ಸಹಿಗೆ ಸಂಜೆ ಬರ್ತೀನಿ.

ಮನೆ 27: ಕಾರು ಅನ್ನೋದು ತೆಗೀರಿ, ಸಹಿ ಹಾಕ್ತೀನಿ.

ಮನೆ 9: ಅಂದಹಾಗೆ, ಪಾರ್ಕ್ ಹತ್ರ ನಿಲ್ಲಿಸಿದ್ದ ನನ್ನ ಗೇರ್ ಸೈಕಲ್ ಕಳುವಾಯ್ತು. ನಲವತ್ತು ಸಾವಿರದ್ದು!

ಮನೆ 3: ನೋಡಿದ್ರಾ! ಮೊದಲು ಸಿಸಿಟಿವಿ. ಮನೆಗೆ ಐನೂರು. ನಾಳೆಯೊಳಗೆ ಖಜಾಂಚಿಗೆ ಹಾಕಿ.

ಮನೆ 31: 👍

ಮನೆ 27: 👍 ಹಾಕಿದೆ.

ಮನೆ 18: ಆ ಅಣ್ಣನ ಆಸ್ಪತ್ರೆ ಬಿಲ್ಲು ಎಷ್ಟಾಯ್ತು?

ಮನೆ 3: ಕ್ಯಾಮೆರಾ ಎಷ್ಟು ಬೇಕು, ನಾಲ್ಕಾ ಆರಾ? ಬೇಗ ಹೇಳಿ.