ರಾತ್ರಿ ಮಳೇಲಿ ಡ್ಯಾಶ್‌ಬೋರ್ಡ್ ಸಾಯುತ್ತೆ, ಬೆಳಗ್ಗೆ ಎಲ್ಲ ಸರಿ: ಹಳೇ 24 ವೋಲ್ಟ್ ಲಾರಿ

ಹಾಸನ ಲಾರಿ
ಎಲ್ಲರಿಗೂ ನಮಸ್ಕಾರ. 2004ರ ಆರು ಚಕ್ರದ ಲಾರಿ, ಮೆಕ್ಯಾನಿಕಲ್ ಪಂಪಿನ ಡೀಸೆಲ್ ಎಂಜಿನ್. ತಿಪಟೂರಿಂದ ಕೊಬ್ಬರಿ ಹೇರಿಕೊಂಡು ಮಂಗಳೂರಿಗೆ ಓಡುತ್ತೆ. ರಾತ್ರಿ ಶಿರಾಡಿ ಘಾಟಿ ಇಳಿಯುವಾಗ ಗುಂಡಿಗೆ ಬಿತ್ತು ಅಂದ್ರೆ ಹೆಡ್‌ಲೈಟ್ ಮಂಕಾಗುತ್ತೆ, ವೈಪರ್ ಗಾಜಿನ ಮಧ್ಯೆ ತೆವಳುತ್ತೆ, ಡೀಸೆಲ್ ಮುಳ್ಳು ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೆ ಕುಣಿಯುತ್ತವೆ. ಕೆಲವು ಸಲ ಡ್ಯಾಶ್ ಪೂರ್ತಿ ಕತ್ತಲೆ. ಇನ್ನೊಂದು ಗುಂಡಿ ಬಂದ್ರೆ ತಾನೇ ಸರಿಹೋಗುತ್ತೆ. ಎಂಜಿನ್ ಮಾತ್ರ ನಿಲ್ಲಲ್ಲ. ಬೆಳಗ್ಗೆ ಎಲೆಕ್ಟ್ರಿಷಿಯನ್ ಹತ್ರ ನಿಲ್ಲಿಸಿದ್ರೆ ಎಲ್ಲ ಪಕ್ಕಾ. ಎರಡೂ ಬ್ಯಾಟರಿ ಹೊಸದು, ಕಟೌಟ್ (ಚಾರ್ಜಿಂಗ್ ಹತೋಟಿಯಲ್ಲಿಡೋ ಡಬ್ಬಿ) ಹೊಸದು, ಇಗ್ನಿಷನ್ ಸ್ವಿಚ್ಚೂ ಬದಲಾಯ್ತು. ಮುಂದಿನ ಸಲ ಇಡೀ ವೈರಿಂಗ್ ಹೊಸದು ಎಳೀಬೇಕು ಅಂತಿದಾರೆ. ದುಡ್ಡು ಸುರಿಯೋ ಮೊದಲು ನಿಮ್ಮನ್ನ ಕೇಳೋಣ ಅಂತ.

ಉಪ್ಪಿನಂಗಡಿ ಡ್ರೈವರ್
ಡೈನಮೋ ನೋಡಿದ್ರಾ ಮಾರಾಯ್ರೆ? ಬ್ರಶ್ ಸವೆದರೆ ಹೀಗೇ ಗುಂಡಿಗೊಮ್ಮೆ ಚಾರ್ಜಿಂಗ್ ಕಟ್ ಆಗ್ತದೆ.

ಹಾಸನ ಲಾರಿ
ನೋಡಿದ್ವಿ ಅಣ್ಣ. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 28 ಬರ್ತಿದೆ. ಚಾರ್ಜಿಂಗ್ ಲೈಟೂ ಹತ್ತಲ್ಲ.

ಹುಬ್ಬಳ್ಳಿ ವೈರಿಂಗ್
ಡೈನಮೋ ಅಲ್ರಿ ಅದು. ಚಾರ್ಜಿಂಗ್ ಒಂದು ಕ್ಷಣ ಕಟ್ ಆದ್ರೂ ಒಳ್ಳೆ ಬ್ಯಾಟರಿ ಎರಡು ಅದಾವ, ಲೈಟ್ ತುಸು ಇಳೀಬಹುದು, ಡ್ಯಾಶ್ ಸಾಯೂದಿಲ್ಲ. ಒಂದು ಮಾತು ಹೇಳ್ರಿ: ಮುಂದೆ ಇಷ್ಟೆಲ್ಲ ಆಗೂವಾಗ ಹಿಂದಿನ ಟೇಲ್ ಲೈಟ್ ಹೆಂಗಿರ್ತಾವು?

ಹಾಸನ ಲಾರಿ
ಕ್ಲೀನರ್‌ನ ಕೇಳಿದೆ. ಹಿಂದೆ ಸರಿಯಾಗೇ ಉರಿಯುತ್ತವಂತೆ. ಹಿಂದೆ ಬರ್ತಿದ್ದ ಇನ್ನೊಂದು ಗಾಡಿಯವರೂ ಅದನ್ನೇ ಹೇಳಿದ್ರು.

ಹುಬ್ಬಳ್ಳಿ ವೈರಿಂಗ್
ಹಂಗಾದ್ರೆ ಅರ್ಧ ಕೆಲಸ ಮುಗೀತು. ಟೇಲ್ ಲೈಟಿಗೆ ಕರೆಂಟು ಹೋಗೂದು ಕ್ಯಾಬಿನ್ ಸ್ವಿಚ್ಚಿನಿಂದನ, ಆದ್ರೆ ಅದರ ಅರ್ತ್, ಅಂದ್ರ ಕರೆಂಟು ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗೂ ದಾರಿ, ಹಿಂದೆ ಚಾಸಿಗೆ, ಅಂದ್ರ ಗಾಡಿಯ ಕಬ್ಬಿಣದ ಚೌಕಟ್ಟಿಗೆ. ಹೆಡ್‌ಲೈಟ್, ವೈಪರ್, ಮೀಟರು ಇವೆಲ್ಲದರ ಅರ್ತ್ ಕ್ಯಾಬಿನ್ ತಗಡಿಗೆ. ಕ್ಯಾಬಿನ್ ಕೂತಿರೂದು ರಬ್ಬರ್ ಮೇಲೆ. ತಗಡಿನಿಂದ ಚಾಸಿಗೆ ಇಳಿಯಾಕ ಇರೂ ಸರಿಯಾದ ದಾರಿ ಒಂದೇ, ಹೆಣೆದ ಅರ್ತ್ ಪಟ್ಟಿ. ನನಗ ಅದರ ಮೇಲೆ ಗುಮಾನಿ.

ಹಾಸನ ಲಾರಿ
ಆ ಪಟ್ಟಿ ಚೆಕ್ ಮಾಡಿದಾರೆ ಸರ್. ಮಲ್ಟಿಮೀಟರ್ ಇಟ್ಟು ಬೀಪ್ ಕೇಳಿಸಿದ್ರು, ಕಂಟಿನ್ಯುಟಿ ಇದೆ, ಅಂದ್ರೆ ಎಲ್ಲೂ ತುಂಡಾಗಿಲ್ಲ. ಡ್ಯಾಶ್ ಹತ್ರ 25 ವೋಲ್ಟೂ ತೋರಿಸಿದ್ರು.

ಹುಬ್ಬಳ್ಳಿ ವೈರಿಂಗ್
ನಮ್ಮ ಲೈನಿನಾಗ ಹೆಚ್ಚು ಜನ ದುಡ್ಡು ಕಳಕೊಳ್ಳೂದು ಈ ಬೀಪ್ ನಂಬಿನ. ಮೀಟರು ಬೀಪ್‌ಗೆ ಬಿಡೂ ಕರೆಂಟು ಒಂದೆರಡು ಮಿಲಿ ಆಂಪಿಯರ್. ಪಟ್ಟಿಯೊಳಗ ಒಂದೇ ಎಳೆ ಉಳಿದಿದ್ರೂ ಅಷ್ಟು ದಾಟತೈತಿ. ನಿಮ್ಮ ಗಾಡಿ ರಾತ್ರಿ ಮಳಿಯೊಳಗ ಕೇಳೂದು ಎಷ್ಟು? ಹೆಡ್‌ಲೈಟ್ 70 ವ್ಯಾಟಿನ ಎರಡು, 24 ವೋಲ್ಟಿಗೆ ಸುಮಾರು 6 ಆಂಪಿಯರ್. ವೈಪರು, ಪಾರ್ಕಿಂಗು, ಮೀಟರ್ ಲೈಟು ಸೇರಿದ್ರ 10ರ ಆಸುಪಾಸು. ಜಾಯಿಂಟಿನಾಗ ಬರೇ ಅರ್ಧ ಓಮ್ ಇತ್ತಂದ್ರ 5 ವೋಲ್ಟ್ ಅಲ್ಲೇ ಹೋತು. ಆ ಅರ್ಧ ಓಮು ಬೀಪಿಗೆ ಲೆಕ್ಕಕ್ಕಿಲ್ಲ. ಹಗಲು ಲೈಟು, ವೈಪರು ಬಂದ್, ಹಂಗಾಗಿ ಎಲ್ಲ ಸರಿ ಕಾಣತೈತಿ.

ಹಿಂಗ ಮಾಡ್ರಿ. ಮೀಟರನ್ನ ಡಿಸಿ ವೋಲ್ಟಿಗೆ ಇಡ್ರಿ. ಕಪ್ಪು ಮೊನೆ ಬ್ಯಾಟರಿ ಮೈನಸ್‌ನ ಸೀಸದ ಗೂಟಕ್ಕ ಒತ್ತಿ ಹಿಡೀರಿ, ಕ್ಲಾಂಪಿಗೆ ಅಲ್ಲ. ಎರಡು ಬ್ಯಾಟರಿಯೊಳಗ ಚಾಸಿಗೆ ಅರ್ತ್ ಆಗಿರೂ ಬ್ಯಾಟರಿದ ಮೈನಸ್ ಅದು, ನಡುವಿನ ಜೋಡಣಿ ಅಲ್ಲ. ಕೆಂಪು ಮೊನೆಗೆ ಉದ್ದ ವೈರ್ ಕಟ್ಟಿ ಕ್ಯಾಬಿನ್ ಒಳಗ ಒಯ್ಯಿರಿ, ಡ್ಯಾಶ್ ಹಿಂದ ಕಪ್ಪು ವೈರೆಲ್ಲ ಸೇರೂ ಬೋಲ್ಟಿಗೆ ಮುಟ್ಟಿಸ್ರಿ. ಈಗ ಹೆಡ್‌ಲೈಟ್, ವೈಪರ್ ಎಲ್ಲ ಹಚ್ಚಿ, ಒಬ್ಬರು ಕ್ಯಾಬಿನ್ ಹಿಡಿದು ಜೋರಾಗಿ ಅಲ್ಲಾಡಸ್ರಿ. ಅರ್ತ್ ಚಲೋ ಇದ್ರ 0.2ರ ಒಳಗ ಇರಬೇಕು. ಅರ್ಧ ವೋಲ್ಟ್ ದಾಟಿದ್ರ ಕಳ್ಳ ಆ ದಾರಿಯೊಳಗ ಅದಾನ. ಆಮೇಲೆ ಕೆಂಪು ಮೊನೆ ಒಂದೊಂದ ಜಾಯಿಂಟಿಗೆ ಇಡಕೋತ ಹೋಗ್ರಿ: ಕ್ಲಾಂಪು, ಚಾಸಿ ಬೋಲ್ಟು, ಪಟ್ಟಿಯ ಕೆಳಗಿನ ತುದಿ, ಮೇಲಿನ ತುದಿ, ಕ್ಯಾಬಿನ್ ತಗಡು. ಎಲ್ಲಿ ನಂಬರ್ ಎಗರತೈತಿ, ಅಲ್ಲೇ ಬಿಚ್ರಿ.

ಉಪ್ಪಿನಂಗಡಿ ಡ್ರೈವರ್
ಇದು ನನಗೆ ಹೊಸತು, ಬರೆದಿಟ್ಟುಕೊಂಡೆ. ಮೀಟರ್ ಇಲ್ಲದವರು ಒಂದು ಜಂಪರ್ ಕೇಬಲಿನ ಒಂದು ತುದಿ ಚಾಸಿಗೆ, ಇನ್ನೊಂದು ಕ್ಯಾಬಿನ್ನಿನ ಬರೀ ಲೋಹಕ್ಕೆ ಕಚ್ಚಿಸಿ ನೋಡಬಹುದು. ಲೈಟ್ ಪಕ್ಕನೆ ಬಿಳಿ ಆದ್ರೆ ಗೊತ್ತಾಯ್ತಲ್ಲ. ಮತ್ತೆ ಹಾಸನದವರೇ, ಸ್ಪೀಡೋಮೀಟರ್ ಕೇಬಲ್ಲು, ಆಕ್ಸಿಲರೇಟರ್ ಕೇಬಲ್ಲು ಬಿಸಿ ಆಗ್ತದಾ ಮುಟ್ಟಿ ನೋಡಿ. ಅರ್ತ್ ಸಿಗದಿದ್ರೆ ಕರೆಂಟು ಅದರಲ್ಲಿ ಇಳೀಲಿಕ್ಕೆ ನೋಡ್ತದೆ. ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಅಂತ ಈಚೆಗೆ ಪೇಂಟ್ ಹೊಡೆಸಿದ್ದುಂಟಾ?

ಹಾಸನ ಲಾರಿ
ಪೇಂಟ್ ವಿಷಯ ಹೇಗೆ ಗೊತ್ತಾಯ್ತು ಅಣ್ಣ! ಹೌದು, ಚಾಸಿಗೆಲ್ಲ ಕಪ್ಪು ಹೊಡೆಸಿದ್ದೆ.

ಸರ್ ಹೇಳಿದ ಹಾಗೇ ಮಾಡಿದ್ವಿ. ಡ್ಯಾಶ್ ಬೋಲ್ಟಿನಲ್ಲಿ ಸುಮ್ಮನಿದ್ದಾಗ 0.9, ಕ್ಯಾಬಿನ್ ಅಲ್ಲಾಡಿಸಿದಾಗ 4ರವರೆಗೆ ಹೋಗಿ ಬಂತು. ಪಟ್ಟಿಯ ಕೆಳಗಿನ ಲಗ್ (ಬೋಲ್ಟ್ ಹಾಕೋ ತೂತಿನ ತುದಿ) ಮೇಲೆ ಮೊನೆ ಇಟ್ಟರೂ ಅದೇ. ಅದರಿಂದ ಎರಡು ಬೆರಳು ಪಕ್ಕಕ್ಕೆ ಚಾಸಿಯನ್ನ ಕೆರೆದು ಇಟ್ಟರೆ 0.1. ಬಿಚ್ಚಿ ನೋಡಿದ್ರೆ ಲಗ್ ಅಡಿಯಲ್ಲಿ ದಪ್ಪಗೆ ಪೇಂಟ್. ಬಿಚ್ಚಿ, ಪೇಂಟ್ ಹೊಡೆದು, ಅದರ ಮೇಲೇ ಮತ್ತೆ ಬಿಗಿದಿದಾರೆ. ಬೋಲ್ಟಿನ ಥ್ರೆಡ್‌ನಿಂದ ಮಾತ್ರ ಕರೆಂಟು ಹೋಗ್ತಿತ್ತು, ಅದಕ್ಕೂ ತುಕ್ಕು ಹಿಡಿದಿತ್ತು. ಸ್ಪೀಡೋಮೀಟರ್ ಕೇಬಲ್ ಬಿಸಿ ಇರಲಿಲ್ಲ.

ಹುಬ್ಬಳ್ಳಿ ವೈರಿಂಗ್
ಲೋಹ ಹೊಳಿಯೂ ತನಕ ಎಮರಿ ಹಾಳಿಯಿಂದ ತಿಕ್ರಿ, ಲಗ್ಗಿನ ಎರಡೂ ಮಗ್ಗಲ. ಹಲ್ಲಿನ ವಾಷರ್ ಹಾಕಿ ಬಿಗೀರಿ. ಗ್ರೀಸು ಬಿಗಿದ ಮೇಲೆ ಹೊರಗಿನಿಂದ ಸವರ್ರಿ, ನೀರು ಇಳೀಬಾರದು. ಪಟ್ಟಿ ಹಳೇದಿದ್ರ ಬ್ಯಾಟರಿ ಕೇಬಲ್ ತುಂಡಿಗೆ ಎರಡು ಲಗ್ ಒತ್ತಿಸಿ ಹಾಕ್ರಿ. ತುಸು ಸಡಿಲ ಬಿಡ್ರಿ, ಕ್ಯಾಬಿನ್ ಕುಣಿಯೂವಾಗ ಎಳದು ಹರೀಬಾರದು. ಇಡೀ ವೈರಿಂಗ್ ಎಳಿಯೂ ಮಾತು ಬಿಡ್ರಿ.

ಹಾಸನ ಲಾರಿ
ಮಾಡಿ ಆಯ್ತು ಸರ್. ಈಗ ಎಷ್ಟು ಅಲ್ಲಾಡಿಸಿದ್ರೂ 0.15 ದಾಟಲ್ಲ. ಮೊನ್ನೆ ಘಾಟಿಯಲ್ಲಿ ಒಳ್ಳೆ ಮಳೆ, ಮುಳ್ಳು ಅಲುಗಲಿಲ್ಲ. ಇಬ್ಬರಿಗೂ ಕೈಮುಗಿದೆ. ಹಾರನ್ ಮಾತ್ರ ಇನ್ನೂ ಕ್ಷೀಣವಾಗಿದೆ. ಅದಕ್ಕೂ ಅರ್ತೇನಾ? ಫ್ಯೂಸ್ ಬಾಕ್ಸ್ ತೆಗೆದಾಗ ಹಾರನ್ ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆ ಸುತ್ತಿರೋದು ಕಂಡಿತು.

ಹುಬ್ಬಳ್ಳಿ ವೈರಿಂಗ್
ಮೊದಲು ಆ ತಾಮ್ರದ ಎಳೆ ಕಿತ್ತು ಸರಿಯಾದ ಫ್ಯೂಸ್ ಹಾಕ್ರಿ. ವೈರ್ ಎಲ್ಲರೆ ಉಜ್ಜಿ ಶಾರ್ಟ್ ಆದ್ರ ಸುಡೂದು ಎಳೆ ಅಲ್ಲ, ಕ್ಯಾಬಿನ್. ಆಮೇಲೆ ಅದೇ ಪರೀಕ್ಷೆ ಪ್ಲಸ್ ಕಡೆ ಮಾಡ್ರಿ: ಒಂದು ಮೊನೆ ಬ್ಯಾಟರಿ ಪ್ಲಸ್ ಗೂಟಕ್ಕ, ಇನ್ನೊಂದು ಹಾರನ್ನಿನ ಪ್ಲಸ್ ಟರ್ಮಿನಲ್ಲಿಗೆ, ಹಾರನ್ ಒತ್ತಿ ಹಿಡದ ನೋಡ್ರಿ. ಒಂದು ವೋಲ್ಟಿನ ಮೇಲೆ ಬಂದ್ರ ಆ ದಾರಿಯೊಳಗ ಎಲ್ಲೋ ತೊಡಕು ಐತಿ, ರಿಲೇ (ಹಾರನ್ನಿಗೆ ಕರೆಂಟು ಬಿಡೂ ಸ್ವಿಚ್ಚು) ಪಾಯಿಂಟು ಸುಟ್ಟಿರಬಹುದು. ನಂಬರ್ ಹಾಕ್ರಿ, ಮುಂದ ನೋಡೂಣು.