ಓದುಗರ ಸ್ಪಂದನ: ‘ನನ್ನ ಹಾಗಿರುವವರು ಇಲ್ಲಿ ಯಾರೂ ಇಲ್ಲವೇ?’

ಕಳೆದ ಸಂಚಿಕೆಯಲ್ಲಿ ಮಂಗಳೂರಿನ ಓದುಗಿಯೊಬ್ಬರು ಹೀಗೆ ಬರೆದಿದ್ದರು: “ನನಗೆ 24 ವರ್ಷ. ಮೂರು ವರ್ಷದ ಹಿಂದೆ ಟೈಪ್ 1 ಡಯಾಬಿಟಿಸ್ ಅಂತ ಗೊತ್ತಾಯಿತು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ, ಟಾಯ್ಲೆಟ್‌ನಲ್ಲಿ ನಿಂತು ಚುಚ್ಚಿಕೊಳ್ಳುತ್ತೇನೆ. ಎಷ್ಟು ಲೆಕ್ಕ ಹಾಕಿದರೂ ಶುಗರ್ ಒಮ್ಮೆ 60, ಒಮ್ಮೆ 300. ಡಾಕ್ಟರ ಹತ್ತಿರ ಹೋದರೆ ಸಾಲಿನಲ್ಲಿ ಕೂತವರೆಲ್ಲ ಅಜ್ಜ ಅಜ್ಜಿಯರು. ಈಗೀಗ ಟೆಸ್ಟ್ ಮಾಡುವುದಕ್ಕೇ ಮನಸ್ಸಿಲ್ಲ. ನನ್ನ ಹಾಗಿರುವವರು ಇಲ್ಲಿ ಯಾರೂ ಇಲ್ಲವೇ?” ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ತಂಗಿ, ಇದ್ದೇವೆ. ನನಗೆ ಈಗ 38. ಹದಿನಾರರಲ್ಲಿ ಶುರುವಾದದ್ದು, 22 ವರ್ಷ ಆಯಿತು.

ಆ ಟಾಯ್ಲೆಟ್ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಾನೂ ಹತ್ತು ವರ್ಷ ಹಾಗೇ ಮಾಡಿದವಳು. ಮದುವೆಗೆ ಹೋದರೆ ಎಲೆ ಹಾಕುವ ಹೊತ್ತಿಗೆ “ಕೈ ತೊಳೆದು ಬರ್ತೇನೆ” ಅಂತ ಎದ್ದು ಹೋಗುವುದು. ಒಂದು ಸಲ ಉಡುಪಿಯ ಕಲ್ಯಾಣ ಮಂಟಪದಲ್ಲಿ, ಸೀರೆ ಉಡುವ ಕೋಣೆಯ ಮೂಲೆಯಲ್ಲಿ ನಿಂತು ಇನ್ಸುಲಿನ್ ಪೆನ್ ತಿರುಗಿಸುತ್ತಿದ್ದೆ. ಟಿಕ್, ಟಿಕ್, ಟಿಕ್. ಎಂಟು ಯೂನಿಟ್. ನನ್ನದು ಮುಗಿಯಿತು, ಆದರೆ ಸದ್ದು ನಿಲ್ಲಲಿಲ್ಲ. ಹಲಗೆಯ ಆಚೆ ಇನ್ನೊಬ್ಬರು ತಿರುಗಿಸುತ್ತಿದ್ದರು! ಇಣುಕಿ ನೋಡಿದರೆ ಕಾಲೇಜಿಗೆ ಹೋಗುವ ಹುಡುಗಿ, ಕುಂದಾಪುರದ ಕಡೆಯವಳು. ನನ್ನ ಕೈಯಲ್ಲಿದ್ದ ಪೆನ್ ನೋಡಿ ಅವಳು ಹೆಸರು ಕೂಡ ಕೇಳಲಿಲ್ಲ. “ಅಕ್ಕ, ಪಾಯಸಕ್ಕೆ ಎಷ್ಟು ಹಾಕ್ತೀರಿ?” ಅಂದಳು.

ನನ್ನ ಲೆಕ್ಕ ನಿನಗೆ ಆಗುವುದಿಲ್ಲ ಮಗಾ ಅಂದೆ. ಆದರೆ ಆ ಪ್ರಶ್ನೆ ಅಷ್ಟು ವರ್ಷದಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. “ಪಾಯಸ ತಿನ್ನಬಾರದಲ್ವಾ?” ಅಂದವರೇ ಎಲ್ಲ. ಇಬ್ಬರೂ ಒಂದೇ ಪಂಕ್ತಿಯಲ್ಲಿ ಪಕ್ಕ ಪಕ್ಕ ಕೂತು ಉಂಡೆವು. ಪಾಯಸವನ್ನೂ ಉಂಡೆವು.

ಅದೃಷ್ಟಕ್ಕೆ ಕಾಯುತ್ತಾ ಕೂರುವುದು ಬೇಡ ಅಂತ ಆಮೇಲೆ ಒಂದು ಕೆಲಸ ಮಾಡಿದೆ. ನಮ್ಮ ಡಾಕ್ಟರ ಹತ್ತಿರ ಇನ್ಸುಲಿನ್ ಚುಚ್ಚಲು ಕಲಿಸುವ ಸಿಸ್ಟರ್ ಇದ್ದಾರೆ. ಚೀಟಿಯಲ್ಲಿ ನನ್ನ ಹೆಸರು, ಫೋನ್ ನಂಬರ್ ಬರೆದು ಅವರಿಗೆ ಕೊಟ್ಟೆ. “ಟೈಪ್ 1 ಇರುವ ಹೊಸಬರು ಬಂದರೆ, ಅವರಿಗೆ ಇಷ್ಟ ಇದ್ದರೆ ಕೊಡಿ” ಅಂದೆ. ಬೇರೆ ಪೇಶಂಟ್ ಹೆಸರು ಅವರು ನಮಗೆ ಹೇಳುವ ಹಾಗಿಲ್ಲ. ನಾವೇ ಬರೆದುಕೊಟ್ಟ ಚೀಟಿ ದಾಟಿಸಬಹುದು. ನಾಲ್ಕು ತಿಂಗಳು ಏನೂ ಇಲ್ಲ. ಆಮೇಲೆ ಒಂದು ರಾತ್ರಿ ಫೋನ್ ಬಂತು. ಈಗ ಏಳು ಜನ ಇದ್ದೇವೆ. ತಿಂಗಳಿಗೊಮ್ಮೆ ಮಲ್ಪೆ ಬೀಚಿನಲ್ಲಿ ಕೂರುತ್ತೇವೆ, ಮಳೆಗಾಲದಲ್ಲಿ ಯಾರದಾದರೂ ಮನೆಯಲ್ಲಿ.

ಮಾತು ಜಾಸ್ತಿ ತಿಂಡಿಯದ್ದೇ. ಕೈಗೆ ಸಿಗುವ ಪಟ್ಟಿಗಳಲ್ಲಿ ಚಪಾತಿ ಲೆಕ್ಕ ಇರುತ್ತದೆ. ನೀರುದೋಸೆ, ಕೊಟ್ಟೆ ಕಡುಬು, ಕೋರಿರೊಟ್ಟಿ ಲೆಕ್ಕ ಯಾರು ಹಾಕಿಕೊಡಬೇಕು? ಒಬ್ಬಳು ಬನ್ಸನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತಿಂದ ಮೇಲೆ ಗಂಟೆಗೊಮ್ಮೆ ಶುಗರ್ ನೋಡಿ ಬರೆದುಕೊಂಡು ಬಂದಳು. ಬಾಳೆಹಣ್ಣು, ಮೈದಾ, ಸಕ್ಕರೆ ಸೇರಿದ ಮೇಲೆ ಎಣ್ಣೆಯಲ್ಲಿ ಕರಿದದ್ದು. ಆ ಎಣ್ಣೆಯಿಂದಾಗಿ ಶುಗರ್ ನಿಧಾನಕ್ಕೆ ಏರುತ್ತದೆ. ತಿಂದು ಎರಡು ಗಂಟೆ ಆದಾಗ ಸರಿ ಇದೆ ಅಂತ ಕಂಡದ್ದು ನಾಲ್ಕು ಗಂಟೆ ಆದಾಗ ಮೇಲೆ ಹೋಗಿತ್ತು. ನಿಮ್ಮ 300ಕ್ಕೂ ಇಂಥದ್ದೇ ಏನಾದರೂ ಕಾರಣ ಇರಬಹುದು.

ನಮ್ಮಲ್ಲಿ ಒಬ್ಬರ ಡೋಸ್ ಇನ್ನೊಬ್ಬರು ಹಾಕಿಕೊಳ್ಳುವ ಹಾಗಿಲ್ಲ. ಅದನ್ನು ಬದಲಿಸುವುದು ಡಾಕ್ಟರ ಹತ್ತಿರ ಮಾತಾಡಿಯೇ. ಆದರೆ “ನಿನ್ನೆ ನಂದು 280” ಅಂದರೆ “ಏನು ತಿಂದೆ?” ಅಂತ ಗದರುವವರು ಇಲ್ಲ. ನಿದ್ದೆ ಆಯ್ತಾ, ಮುಟ್ಟಿನ ದಿನವಾ, ಜ್ವರ ಉಂಟಾ ಅಂತ ಕೇಳುತ್ತಾರೆ. ಇವೆಲ್ಲದರಿಂದಲೂ ಶುಗರ್ ಏರುಪೇರಾಗುತ್ತದೆ ಅಂತ ಅವರಿಗೆ ಗೊತ್ತು.

ಮಂಗಳೂರಿನಿಂದ ಬಸ್ಸು ಹತ್ತಿ ಬನ್ನಿ. ಈ ವಿಭಾಗದವರ ಹತ್ತಿರ ನನ್ನ ನಂಬರ್ ಇದೆ.

– ಶಾಲಾ ಶಿಕ್ಷಕಿ, ಉಡುಪಿ

*

ನಾನು 34 ವರ್ಷ ನರ್ಸ್ ಆಗಿದ್ದವಳು. ಎರಡು ಮಾತು ಕೇಳಬೇಕು ಅನ್ನಿಸಿತು.

ಹೊಟ್ಟೆಯ ಮೇಲೆ ಚುಚ್ಚುವ ಜಾಗವನ್ನು ಬೆರಳಿನಿಂದ ಒತ್ತಿ ನೋಡಿದ್ದೀರಾ? ಒಂದೇ ಕಡೆ ಚುಚ್ಚುತ್ತಾ ಇದ್ದರೆ ಚರ್ಮದ ಕೆಳಗೆ ಗಂಟು ಕಟ್ಟುತ್ತದೆ. ಅಲ್ಲಿ ನೋವು ಕಡಿಮೆ, ಹಾಗಾಗಿ ಮತ್ತೆ ಅಲ್ಲಿಗೇ ಕೈ ಹೋಗುತ್ತದೆ. ಆದರೆ ಗಂಟಿಗೆ ಹಾಕಿದ ಇನ್ಸುಲಿನನ್ನು ಮೈ ಒಂದು ದಿನ ಹೀರುತ್ತದೆ, ಒಂದು ದಿನ ಹೀರುವುದಿಲ್ಲ. ಅವಸರದಲ್ಲಿ, ಟಾಯ್ಲೆಟ್‌ನಲ್ಲಿ ನಿಂತು ಚುಚ್ಚುವವರಲ್ಲಿ ಇದನ್ನು ತುಂಬ ನೋಡಿದ್ದೇನೆ. ಇನ್ನೊಂದು, ಪೆನ್ ಎಲ್ಲಿ ಇಡುತ್ತೀರಿ? ಮಂಗಳೂರಿನ ಏಪ್ರಿಲ್ ಬಿಸಿಲಿಗೆ ಸ್ಕೂಟರ್ ಡಿಕ್ಕಿಯಲ್ಲಿ ಇಟ್ಟರೆ ಇನ್ಸುಲಿನ್ ಕೆಟ್ಟುಹೋಗುತ್ತದೆ. ಆಮೇಲೆ ಎಷ್ಟು ಸರಿಯಾಗಿ ಲೆಕ್ಕ ಹಾಕಿದರೂ ಪ್ರಯೋಜನ ಇಲ್ಲ.

ಟೆಸ್ಟ್ ಮಾಡಲು ಮನಸ್ಸಿಲ್ಲ ಅನ್ನುವುದನ್ನು ಡಾಕ್ಟರಿಗೆ ಇದೇ ಮಾತಿನಲ್ಲಿ ಹೇಳಿ. ಅದು ಸೋಮಾರಿತನ ಅಲ್ಲ. ದಿನವಿಡೀ ಲೆಕ್ಕ ಹಾಕಿ ಹಾಕಿ ಮನಸ್ಸು ಸೋಲುವುದಕ್ಕೆ ಡಾಕ್ಟರುಗಳಲ್ಲಿ ‘ಡಯಾಬಿಟಿಸ್ ಡಿಸ್ಟ್ರೆಸ್’ ಅಂತ ಹೆಸರೇ ಉಂಟು. ಅದಕ್ಕೂ ಸಹಾಯ ಸಿಗುತ್ತದೆ.

ಕಷಾಯ ಕುಡಿದರೆ ಸೂಜಿ ಬೇಡ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೇಳಬೇಡಿ. ಟೈಪ್ 1ರಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಮೈಯ ರಕ್ಷಣಾ ಶಕ್ತಿಯೇ ಹಾಳುಮಾಡಿರುತ್ತದೆ. ಹೊರಗಿನಿಂದ ಕೊಡದೆ ಬೇರೆ ದಾರಿ ಇಲ್ಲ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಡುವವರೆಗೆ ಈ ಕಾಯಿಲೆಯ ಮಕ್ಕಳು ಉಳಿಯುತ್ತಲೇ ಇರಲಿಲ್ಲ. ಜ್ವರ, ವಾಂತಿ ಬಂದು ಊಟ ಬಿಟ್ಟ ದಿನ ಕೂಡ ಇನ್ಸುಲಿನ್ ಪೂರ್ತಿ ಬಿಡಬಾರದು. ಶುಗರ್, ಕೀಟೋನ್ (ಇನ್ಸುಲಿನ್ ಸಾಲದಾಗ ಮೈಯಲ್ಲಿ ಸೇರುವ ಆಮ್ಲ) ನೋಡಿ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ.

– ನಿವೃತ್ತ ನರ್ಸ್, ಮಂಗಳೂರು

*

ನನಗೆ ಗುಂಪು, ಮೀಟಿಂಗ್ ಆಗಿಬರುವುದಿಲ್ಲ. ನನಗೆ ಒಬ್ಬ ಸಾಕಾಯಿತು. ಅವನಿಗೆ ಶುಗರೂ ಇಲ್ಲ.

ಒಂದು ಸಂಜೆ ಮಂಗಳೂರಿನಿಂದ ಬರುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಿಂತಿದ್ದೆ. ಮುಲ್ಕಿ ಹತ್ತಿರ ಬೆವರು ಕಿತ್ತುಕೊಂಡು ಬಂತು, ಕೈ ನಡುಗಿತು. ಮೀಟರಿನಲ್ಲಿ 48. ಪಕ್ಕದಲ್ಲಿದ್ದವರು ಕುಡಿದಿದ್ದಾನೆ ಅಂತ ಸರಿದು ನಿಂತರು. ಜೊತೆಗಿದ್ದ ಸಹೋದ್ಯೋಗಿ ಗಾಬರಿಯಲ್ಲಿ ಚಾಕೊಲೇಟ್ ಕೊಟ್ಟ. ಅದರಲ್ಲಿ ಕೊಬ್ಬು ಇರುವುದರಿಂದ ಶುಗರ್ ಬೇಗ ಏರುವುದಿಲ್ಲ ಅಂತ ಅವನಿಗೆ ಹೇಗೆ ಗೊತ್ತಿರಬೇಕು? ನಾನು ಹೇಳಿದ್ದರಲ್ಲವೇ! ಮರುದಿನ ಕೂರಿಸಿ ಎಲ್ಲ ಹೇಳಿದೆ. 70ಕ್ಕಿಂತ ಕೆಳಗೆ ಇಳಿದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಕಲಸಿ ಕೊಡು, 15 ನಿಮಿಷ ಬಿಟ್ಟು ಮತ್ತೆ ನೋಡು, ಏರದಿದ್ದರೆ ಇನ್ನೊಮ್ಮೆ ಕೊಡು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡ, ಆಸ್ಪತ್ರೆಗೆ ಕರೆದುಕೊಂಡು ಹೋಗು. ಈಗ ಅವನ ಡ್ರಾಯರಿನಲ್ಲಿ ನನಗಾಗಿ ಗ್ಲೂಕೋಸ್ ಪುಡಿ ಇರುತ್ತದೆ. ನಾನು ನನ್ನ ಟೇಬಲ್ಲಿನಲ್ಲೇ ಕೂತು ಚುಚ್ಚಿಕೊಳ್ಳುತ್ತೇನೆ.

ನೀವು ಕ್ರಿಕೆಟ್ ನೋಡುತ್ತೀರೋ ಗೊತ್ತಿಲ್ಲ. ಪಾಕಿಸ್ತಾನದ ವೇಗದ ಬೌಲರ್ ವಾಸಿಂ ಅಕ್ರಮ್‌ಗೆ ಮೂವತ್ತರ ವಯಸ್ಸಿನಲ್ಲಿ ಟೈಪ್ 1 ಬಂತು. ಅದಾದ ಮೇಲೆ 2003ರ ವಿಶ್ವಕಪ್‌ನಲ್ಲಿ ಏಕದಿನದ 500ನೇ ವಿಕೆಟ್ ತೆಗೆದರು. ಗೊತ್ತಾದ ದಿನ ನನಗೆ ತುಂಬ ಧೈರ್ಯ ಬಂದಿತ್ತು, ಅದಕ್ಕೆ ಬರೆದೆ.

– ಓದುಗ, ಪಡುಬಿದ್ರಿ

*

ನನ್ನ ಮಗನಿಗೆ ಒಂಬತ್ತು ವರ್ಷ. ಎರಡು ವರ್ಷದಿಂದ ಟೈಪ್ 1. ರಾತ್ರಿ ಮೂರು ಗಂಟೆಗೆ ಅಲಾರಂ ಇಟ್ಟು ಅವನ ಬೆರಳು ಚುಚ್ಚಿ ನೋಡುತ್ತೇನೆ. ಈಗ ನಿದ್ದೆಯಲ್ಲೇ ಬೆರಳು ಮುಂದೆ ಮಾಡುತ್ತಾನೆ.

ನಿಮ್ಮ ಹಾಗಿರುವವರು ಬೇಕು ಅಂತ ನೀವು ಬರೆದಿದ್ದೀರಿ. ನಮಗೆ ನೀವು ಬೇಕು. ಈ ಕಾಯಿಲೆ ಇಟ್ಟುಕೊಂಡು ದೊಡ್ಡವರಾಗಿ, ಕೆಲಸಕ್ಕೆ ಹೋಗಿ, ಸಂಬಳ ತರುವವರನ್ನು ಅವನು ಇದುವರೆಗೆ ನೋಡಿಯೇ ಇಲ್ಲ. 60, 300 ಬಂದರೂ ಪರವಾಗಿಲ್ಲ. ಅವನಿಗೂ ಬರುತ್ತದೆ.

ಒಂದು ಭಾನುವಾರ ಸಂಜೆ ಕದ್ರಿ ಪಾರ್ಕಿಗೆ ಬರುತ್ತೀರಾ? ನಿಮ್ಮ ಪತ್ರವನ್ನು ಅವನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, “ಆ ಅಕ್ಕ ಯಾವ ಬೆರಳಿಗೆ ಚುಚ್ಚಿಕೊಳ್ಳುತ್ತಾರಂತೆ?” ಅಂದ.

– ಒಬ್ಬ ತಾಯಿ, ಸುರತ್ಕಲ್